ನಾನು ಎಳೆದ ನೇರ ಗೆರೆ

ಪರೀಕ್ಷೆಯ ದಿನ ಲ್ಯಾಬಿನಲ್ಲಿ ನಾನು ಹೇಳಿದ್ದು ಸುಳ್ಳು, ಗಿರಿಜಾ. ತಪ್ಪು ನಿನ್ನ ಕೈಯದ್ದಾಗಿರಲಿಲ್ಲ. ನಿನಗೆ ಮೋಸ ಮಾಡಿದವಳು ನಾನು — ಎರಡು ವರ್ಷ ನಿನ್ನ ಜೊತೆ ಒಂದೇ ರೂಮಿನಲ್ಲಿದ್ದು, ನಿಮ್ಮ ಮನೆಯ ಚಟ್ನಿಪುಡಿಯನ್ನು ನಿನಗಿಂತ ಹೆಚ್ಚು ತಿಂದವಳು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಎಂದು ಕೂತರೆ ನನ್ನ ಬಾಯಿ ಬೇರೆ ದಾರಿ ಹಿಡಿಯುತ್ತದೆ. ಅದರ ಬುದ್ಧಿ ನನಗೆ ಚೆನ್ನಾಗಿ ಗೊತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೆವು. ನೀನು ಜಗಳೂರಿನವಳು, ನಾನು ಸಾಸ್ವೆಹಳ್ಳಿಯವಳು, ಕ್ಲಾಸಿಗೆಲ್ಲ ಹುಡುಗಿಯರೆಂದರೆ ನಾವಿಬ್ಬರೇ. ಪುಸ್ತಕದ ಪಾಠವೇನೋ ನನಗೆ ಬಾಯಿಪಾಠ. ಆದರೆ ಲ್ಯಾಬಿಗೆ ಕಾಲಿಟ್ಟರೆ ನಿನ್ನ ಕೈಯೇ ಕೈ. ಬ್ಯುರೆಟ್ಟಿನಿಂದ ಕ್ಷಾರ ಬಿಡುವಾಗ ತಿಳಿ ಗುಲಾಬಿ ಬಣ್ಣ ಕಂಡ ಹನಿಗೇ ನೀನು ನಿಲ್ಲಿಸುತ್ತಿದ್ದೆ. ನಾನು ಮುಂದಕ್ಕೆ ಹೋಗಿ ರಾಣಿ ಬಣ್ಣ ಮಾಡಿಬಿಡುತ್ತಿದ್ದೆ. ಸೀರೆಗೆ ಬಣ್ಣ ಹಾಕುತ್ತೀಯಾ ಎಂದು ನೀನು ನಗುತ್ತಿದ್ದೆ. ಇಬ್ಬರಲ್ಲಿ ಒಬ್ಬಳನ್ನು ರಿಸರ್ಚಿಗೆ ತೆಗೆದುಕೊಳ್ಳುತ್ತೇನೆ, ರಿಸಲ್ಟ್ ಬರಲಿ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಹೇಳಿದ್ದರು. ಅದು ಸಿಗುತ್ತದೆಂದೇ ನಿಮ್ಮಪ್ಪ ಮದುವೆಯ ಮಾತನ್ನು ಮುಂದಕ್ಕೆ ಹಾಕಿದ್ದರು. ನನಗೂ ಅದು ಬೇಕಿತ್ತು. ಬೇಕಿರಲಿಲ್ಲ ಎಂದು ಇವತ್ತು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಮ್ಮಿಬ್ಬರಿಗೂ ಒಂದೇ ಪ್ರಯೋಗ ಬಂತು. ಎಸ್ಟರನ್ನು ಆಮ್ಲದೊಡನೆ ಬೆರೆಸಿ, ಆ ಫ್ಲಾಸ್ಕನ್ನು ಕರೆಂಟಿನಲ್ಲಿ ಕಾಯುವ ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಹತ್ತು ಹತ್ತು ನಿಮಿಷಕ್ಕೆ ಸ್ವಲ್ಪ ತೆಗೆದು ಅಳೆಯುತ್ತಾ ಹೋಗಬೇಕು. ನೀರಿನ ಬಿಸಿ ಒಂದೇ ಸಮನಾಗಿದ್ದರೆ ಗ್ರಾಫಿನಲ್ಲಿ ನೇರ ಗೆರೆ ಬರುತ್ತದೆ. ತೊಟ್ಟಿ ಒಂದೇ ಇತ್ತು, ಇಬ್ಬರೂ ಅದನ್ನೇ ಹಂಚಿಕೊಂಡೆವು. ಮಿಕ್ಕವರೆಲ್ಲ ಆಚೆ ಹಾಲಿನಲ್ಲಿ ಬೇರೆ ಪ್ರಯೋಗ ಮಾಡುತ್ತಿದ್ದರು. ಪರೀಕ್ಷಕರು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ನಮ್ಮ ತೊಟ್ಟಿಯ ಫ್ಯೂಸ್ ಹೋಯಿತು.

ಅಟೆಂಡರ್ ಬಂದು ತಂತಿ ಹಾಕುವಷ್ಟರಲ್ಲಿ ಸುಮಾರು ಹೊತ್ತಾಗಿತ್ತು. ನೀನು ಹೆದರಲಿಲ್ಲ. ನನ್ನ ಮುಖ ಮಾತ್ರ ಸಣ್ಣಗಾಗಿದ್ದು ನಿನಗೆ ಕಂಡಿರಬೇಕು.

"ಅದಕ್ಯಾಕೆ ಹೆದರ್ತೀಯೇ? ಫ್ಯೂಸ್ ಹೋಗಿತ್ತು ಅಂತ ಇಬ್ರೂ ಬರೆಯಾಣ. ಗೆರೆ ಡೊಂಕಾದ್ರೆ ಆಗ್ಲಿ," ಎಂದೆ ನೀನು.

ಆಗಲಿ ಎಂದು ನಾನು ತಲೆಯಾಡಿಸಿದೆ. ಆ ಕ್ಷಣ ಹಾಗೆಯೇ ಬರೆಯಬೇಕೆಂದಿತ್ತು — ಇತ್ತೋ ಇಲ್ಲವೋ, ಈಗ ಹೇಗೆ ನಂಬುವುದು? ನನ್ನ ಮೇಜಿಗೆ ಹೋಗಿ ಕೂತಾಗ ಬರಬೇಕಾದ ಉತ್ತರ ನನಗೆ ಬಾಯಿಪಾಠವಿತ್ತಲ್ಲ. ಮೊದಲು ಸ್ಕೇಲ್ ಇಟ್ಟು ಗೆರೆ ಎಳೆದೆ. ಆಮೇಲೆ ಗೆರೆಯ ಮೇಲೆ ಚುಕ್ಕೆಗಳನ್ನಿಟ್ಟೆ. ಕೊನೆಗೆ ಚುಕ್ಕೆಗಳಿಗೆ ಸರಿಹೊಂದುವಂತೆ ರೀಡಿಂಗ್ ಬರೆದೆ. ಅನುಮಾನ ಬಾರದಿರಲೆಂದು ಒಂದೆರಡು ಚುಕ್ಕೆಯನ್ನು ಗೆರೆಯಿಂದ ಕೊಂಚ ಆಚೆ ಸರಿಸಿದೆ ಕೂಡ. ಅಷ್ಟು ಜಾಣೆ ನಾನು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಎರಡು ಗ್ರಾಫನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ತೊಟ್ಟಿ, ಒಂದೇ ಬಾಟಲಿಯ ಆಮ್ಲ, ಇವರದು ನೇರ, ನಿಮ್ಮದೇಕೆ ನಡುವೆ ಬಾಗಿದೆ ಎಂದು ನಿನ್ನನ್ನು ಕೇಳಿದರು. ಫ್ಯೂಸ್ ಹೋಗಿತ್ತು ಸಾರ್, ಬರೆದಿದ್ದೇನೆ, ಬೇಕಾದರೆ ಇವಳನ್ನೇ ಕೇಳಿ ಎಂದೆ ನೀನು. ಎಷ್ಟು ನಿಶ್ಚಿಂತೆಯಿಂದ ಹೇಳಿದೆ! ಅವರು ನನ್ನ ಕಡೆ ತಿರುಗಿದರು.

"ಫ್ಯೂಸ್ ಹೋಗಿತ್ತೇನಮ್ಮಾ?"

"ಇಲ್ಲ ಸಾರ್. ನಾನು ಇಲ್ಲೇ ಇದ್ದೆ."

ಇಲ್ಲ ಎಂದಷ್ಟೇ ಹೇಳಿದ್ದರೂ ಸಾಕಾಗುತ್ತಿತ್ತು. ಇಲ್ಲೇ ಇದ್ದೆ ಎಂಬ ಆ ಎರಡು ಮಾತನ್ನು ನಾನು ಯಾಕೆ ಸೇರಿಸಿದೆ — ಯಾರು ಸೇರಿಸು ಅಂದಿದ್ದರು? ಅಟೆಂಡರನ್ನು ಕರೆದು ಕೇಳಿ ಎಂದು ನೀನು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನಾನು ಪಿಪೆಟ್ ತೊಳೆಯತೊಡಗಿದೆ, ತೊಳೆದಿದ್ದನ್ನೇ ಮತ್ತೆ ತೊಳೆದೆ. ಕೈ ನಡುಗಿದ್ದಕ್ಕೆ ನೆಪ ಹೇಳುತ್ತಿದ್ದಾಳೆ ಎಂದು ಅವರು ನಿನ್ನನ್ನು ಪ್ರಾಕ್ಟಿಕಲ್ಲಿನಲ್ಲಿ ಫೇಲು ಮಾಡಿದರು. ಸುಳ್ಳು ಹೇಳಿದವಳು ನಾನು, ಸುಳ್ಳಿಯಾದವಳು ನೀನು.

ಹಾಸ್ಟೆಲ್ ಬಿಡುವ ದಿನ ಟ್ರಂಕಿಗೆ ಬೀಗ ಹಾಕಿ ನೀನು ಒಂದೇ ಮಾತು ಕೇಳಿದೆ. ಬಯ್ದಿದ್ದರೆ ನಾನೂ ತಿರುಗಿ ಬಯ್ದು ಹಗುರಾಗುತ್ತಿದ್ದೆನೋ ಏನೋ.

"ಫ್ಯೂಸ್ ಹೋಗಿದ್ದು ಖರೇ ಅಲ್ಲೇನೇ? ಯಾರಿಗೂ ಹೇಳಬ್ಯಾಡ, ನನಗೊಬ್ಳಿಗೆ ಹೇಳು."

ಬಾಗಿಲು ಹಾಕಿತ್ತು, ಯಾರೂ ಇರಲಿಲ್ಲ. "ನಾನು ನೋಡಲಿಲ್ಲ ಕಣೇ," ಎಂದೆ. ಪರೀಕ್ಷಕರ ಮುಂದೆ ಹೇಳಿದ್ದು ಹೆದರಿಕೆಯಿಂದ ಎಂದಾದರೂ ಅಂದುಕೊಳ್ಳಬಹುದು. ಇದಕ್ಕೆ ಏನನ್ನಬೇಕು?

ಮರುವರ್ಷ ನಿನ್ನನ್ನು ಪರೀಕ್ಷೆಗೆ ಕಳಿಸಲಿಲ್ಲ, ಮದುವೆ ಮಾಡಿದರು ಎಂದು ಯಾರೋ ಹೇಳಿದರು. ರಿಸರ್ಚ್ ಸೀಟು ನನಗೇ ಸಿಕ್ಕಿತು. ಹೆಸರಿನ ಹಿಂದೆ ಡಾಕ್ಟರ್ ಅಂಟಿಸಿಕೊಂಡು ಚನ್ನಗಿರಿಯಲ್ಲಿ ಲೆಕ್ಚರರ್ ಆದೆ. ಅದೇ ಪ್ರಯೋಗವನ್ನು ವರ್ಷಾ ವರ್ಷಾ ಹುಡುಗರಿಂದ ಮಾಡಿಸುತ್ತೇನೆ. ಬೋರ್ಡಿನ ಮೇಲೆ ಅದೇ ನೇರ ಗೆರೆ ಎಳೆಯುತ್ತೇನೆ. ನಾಚಿಕೆಗೆಟ್ಟ ಜನ್ಮ ಇದು, ದಿನಾ ಊಟವೂ ಸೇರುತ್ತದೆ, ನಿದ್ದೆಯೂ ಬರುತ್ತದೆ.

ಹೋದ ಬೇಸಿಗೆಯಲ್ಲಿ ನ್ಯಾಮತಿಯಲ್ಲಿ ಹೈಸ್ಕೂಲು ವಿಜ್ಞಾನ ಶಿಕ್ಷಕರಿಗೆ ತರಬೇತಿ ಶಿಬಿರ ನಡೆಯಿತು. ಪಾಠ ಹೇಳಲು ನಾನು ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ನೀನಿದ್ದೆ. ಬಿ.ಎಡ್. ಮಾಡಿ ಜಗಳೂರಿನಲ್ಲಿ ಮೇಡಂ ಆಗಿದ್ದೀಯ ಎಂದು ಆಗಲೇ ಗೊತ್ತಾದದ್ದು. ಬ್ಯುರೆಟ್ ಹಿಡಿಯಲು ಒಬ್ಬೊಬ್ಬರನ್ನೇ ಮುಂದೆ ಕರೆದೆ. ನಿನ್ನ ಸರದಿ ಬಂದಾಗ ನೀನು ಏಳಲೇ ಇಲ್ಲ.

"ನನ್ನ ಕೈ ಸರಿಯಿಲ್ಲ ಬಿಡ್ರೀ ಮೇಡಂ. ಬ್ಯಾರೇರು ಮಾಡ್ಲಿ."

ಮೇಡಂ ಎಂದೆ ನನ್ನನ್ನು. ಚುಚ್ಚಲು ಅಂದಿದ್ದರೆ ನನಗೆ ತಿಳಿಯುತ್ತಿತ್ತು, ನಿನ್ನ ದನಿ ನನಗೆ ಗೊತ್ತಿಲ್ಲವೇ? ನೀನು ಅದನ್ನು ನಂಬಿ ಹೇಳಿದೆ. ಮಧ್ಯಾಹ್ನ ನಿಮ್ಮ ಶಾಲೆಯ ಇನ್ನೊಬ್ಬ ಮೇಡಂ ಸಿಕ್ಕಾಗ ವಿಚಾರಿಸಿದೆ. ನೀನು ಪಾಠವನ್ನು ಚೆನ್ನಾಗಿ ಮಾಡುತ್ತೀಯಂತೆ, ಪ್ರಯೋಗ ಬಂದರೆ ಮಾತ್ರ ಅವರನ್ನು ಕರೆದು ಅವರ ಕೈಗೆ ಒಪ್ಪಿಸಿ ನೀನು ದೂರ ನಿಲ್ಲುತ್ತೀಯಂತೆ. ಸೀಟು ಹೋಯಿತು, ಓದು ಹೋಯಿತು ಎಂದಷ್ಟೇ ನಾನು ಇಷ್ಟು ವರ್ಷ ಎಣಿಸಿದ್ದೆ. ನಿನ್ನ ಕೈಯನ್ನೇ ನಾನು ಕಿತ್ತುಕೊಂಡಿದ್ದೇನೆ ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ.

ಆಗಲಾದರೂ ಎದ್ದು ಹೇಳಬೇಕಿತ್ತು. ಊಟದ ನಂತರ ಕ್ಲಾಸಿಗೆ ಹೋಗಿ ನಾನು ಉಳಿದವರ ಹೆಸರು ಕೂಗಿದೆ. ಸಂಜೆ ನೀನು ಬಸ್ಸು ಹತ್ತುವುದನ್ನು ದೂರದಿಂದ ನೋಡಿದೆ.

ಇದನ್ನು ನನ್ನ ಹೆಸರು ಹಾಕಿಯೇ ಅಚ್ಚಿಗೆ ಕೊಡುತ್ತಿದ್ದೇನೆ. ನನ್ನ ಹುಡುಗರು ಓದಲಿ, ಶಿಬಿರಕ್ಕೆ ಬಂದವರು ಓದಲಿ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಕೇಳಿದ್ದು ಒಂದೇ ಮಾತು, ಅದಕ್ಕೆ ಉತ್ತರ ಕೊಡುತ್ತೇನೆ.

ಹೋಗಿತ್ತು ಕಣೇ. ಫ್ಯೂಸ್ ಹೋಗಿತ್ತು. ತೊಟ್ಟಿಯ ನೀರು ತಣ್ಣಗಾಗಿತ್ತು, ನಾನೂ ಕೈ ಅದ್ದಿ ನೋಡಿದ್ದೆ.