ನಾನು ಹಾಕದ ಒಂದು ಸುತ್ತು

ಕಳೆದ ವರ್ಷ ನವೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹಾವೇರಿಗೂ ರಾಣೇಬೆನ್ನೂರಿಗೂ ನಡುವಿನ ಒಂದು ಕೆರೆಯ ದಂಡೆ. ಅಲ್ಲಿದ್ದವರು ನಾನು, ನನ್ನ ದೋಣಿಯ ಜೊತೆಗಾರ ರಾಣೇಬೆನ್ನೂರಿನ ಟೇಲರ್ ಮಾಲತೇಶಪ್ಪ, ಹಾಯಿದೋಣಿ ಪಂದ್ಯದಲ್ಲಿ ನಮ್ಮ ಎದುರಾಳಿ ಬ್ಯಾಡಗಿಯ ಮೆಣಸಿನಕಾಯಿ ದಲಾಲ ಶಂಕ್ರಣ್ಣ, ಅವರ ದೋಣಿಯಲ್ಲಿ ಅವರ ಮಗಳು ವಿದ್ಯಾ. ದಂಡೆಯ ಮೇಲೆ ಶಂಕ್ರಣ್ಣನವರ ತಮ್ಮ ಬಸಣ್ಣ ಮತ್ತು ಅವರ ಅಂಗಡಿಯ ಏಳೆಂಟು ಜನ, ಉಪ್ಪಿಟ್ಟಿನ ಡಬ್ಬಿಯ ಸಮೇತ.

ನನಗೆ ಎಪ್ಪತ್ತೊಂದು ವರ್ಷ. ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದವನು. ಇಂದಿಗೂ ನಾಲ್ಕೂವರೆಗೆ ಏಳುತ್ತೇನೆ, ಹಾಸಿಗೆಯ ಚಾದರದ ಮಡಿಕೆ ಅಂಗೈ ಅಗಲಕ್ಕಿಂತ ಹೆಚ್ಚಾಗಲು ಬಿಡುವುದಿಲ್ಲ. ಗೋವಾ ಕಡೆಯ ಒಬ್ಬರು ಎರಡು ಹಳೆಯ ಮರದ ಹಾಯಿದೋಣಿಗಳನ್ನು ಮಾರುತ್ತಿದ್ದಾರೆಂದು ತಿಳಿದಾಗ ಒಂದನ್ನು ನಾನು ಕೊಂಡೆ. ಅದನ್ನು ನೋಡಲು ಬಂದ ಶಂಕ್ರಣ್ಣ ಮರುವಾರವೇ ಇನ್ನೊಂದನ್ನು ತರಿಸಿದರು. ಮೆಣಸಿನಕಾಯಿ ಚೀಲಗಳ ನಡುವೆ ಅರವತ್ತು ವರ್ಷ ಕಳೆದ ಮನುಷ್ಯ ನೀರಿಗೆ ಇಳಿದ ಮೊದಲ ದಿನವೇ ಮಗುವಿನಂತೆ ನಕ್ಕಿದ್ದು ನನಗೆ ನೆನಪಿದೆ.

ಹಳೆಯ ಮರದ ದೋಣಿ ಸಾಕುವುದು ಸುಲಭದ ಮಾತಲ್ಲ. ನಮ್ಮ ಕಡೆಯ ಬೇಸಿಗೆಗೆ ಹಲಗೆ ಒಣಗಿ ಸಂದು ಬಿಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಅದರ ಮೇಲೆ ಹಸಿ ಗೋಣಿಚೀಲ ಹೊದಿಸಿ ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು. ಮಳೆಗಾಲಕ್ಕೆ ಮುಂಚೆ ಸಂದುಗಳಿಗೆ ಹತ್ತಿ ತುರುಕಿ, ಮೇಲೆ ಪುಟ್ಟಿಯಂಥ ಲಪ್ಪ ಹಚ್ಚಿ, ಉಜ್ಜಿ, ಎರಡು ಕೈ ವಾರ್ನಿಷ್ ಬಳಿಯಬೇಕು. ಹರಿದ ಹಾಯಿಗೆ ತೇಪೆ ಹಾಕುವವನು ಮಾಲತೇಶಪ್ಪ. ಶಂಕ್ರಣ್ಣ ತಮ್ಮ ದೋಣಿಯ ಕೆಲಸವನ್ನು ಆಳಿಗೆ ಹೇಳಲಿಲ್ಲ, ಗೋದಾಮಿನ ಮೂಲೆಯಲ್ಲಿ ಕುಳಿತು ಸ್ವಂತ ಕೈಯಿಂದ ಮಾಡಿದರು.

ಆ ಗೋದಾಮಿನ ಮೂಲೆಯೇ ಅವರ ಮನೆಯಲ್ಲಿ ತಕರಾರಿಗೆ ಕಾರಣವಾಗಿತ್ತು. ಹೊಸ ಮಾಲು ಬರುವ ಹೊತ್ತಿಗೆ ಜಾಗ ಬೇಕು ಎಂದು ಬಸಣ್ಣ ಹಟ ಹಿಡಿದಿದ್ದ. ಮೀನು ಹಿಡಿಯಲು ದೋಣಿ ಬೇಕೆಂದು ಹಲಗೇರಿಯ ಒಬ್ಬರು ಕೇಳಿದ್ದರು. ಕೊನೆಗೆ ಅಣ್ಣತಮ್ಮಂದಿರು ಒಂದು ಮಾತಿಗೆ ಬಂದಿದ್ದರು: ಈ ಸಲದ ಪಂದ್ಯದಲ್ಲಿ ಶಂಕ್ರಣ್ಣ ಗೆದ್ದರೆ ದೋಣಿ ಗೋದಾಮಿನಲ್ಲೇ ಇರುತ್ತದೆ, ಸೋತರೆ ಅಂದೇ ಹಲಗೇರಿಗೆ ಹೋಗುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯಬೇಕಾಗಿದೆ.

ನಮ್ಮ ಪಂದ್ಯ ಸರಳ. ಕೆರೆಯಲ್ಲಿ ಮೂರು ಕಡೆ ಕೆಂಪು ಬಣ್ಣ ಬಳಿದ ಎಣ್ಣೆಯ ಕ್ಯಾನುಗಳನ್ನು ಕಲ್ಲು ಕಟ್ಟಿ ತೇಲಿಬಿಟ್ಟಿರುತ್ತೇವೆ. ಅವುಗಳನ್ನು ಬಳಸಿಕೊಂಡು ಮೂರು ಸುತ್ತು ಬರಬೇಕು. ದೋಣಿ ಕ್ಯಾನಿಗೆ ತಾಗಿದರೆ ತಕ್ಷಣ ದೋಣಿಯನ್ನು ಇದ್ದಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ ಮುಂದೆ ಹೋಗಬೇಕು. ನೀರಿನ ಮೇಲೆ ತೀರ್ಪುಗಾರ ಇರುವುದಿಲ್ಲ. ಯಾರೂ ಶಿಳ್ಳೆ ಊದುವುದಿಲ್ಲ. ತಾಗಿದವನೇ ತಿರುಗಬೇಕು. ಹಾಯಿದೋಣಿಯ ಆಟವೆಲ್ಲ ನಿಂತಿರುವುದೇ ಇದರ ಮೇಲೆ ಎಂದು ಶಂಕ್ರಣ್ಣನವರಿಗೆ ಹತ್ತು ಸಲವಾದರೂ ಹೇಳಿದವನು ನಾನೇ.

ಏಳೂ ಇಪ್ಪತ್ತಕ್ಕೆ ಹೊರಟೆವು. ಮೂಡಣ ಗಾಳಿ ಹದವಾಗಿತ್ತು. ಎರಡನೆಯ ಸುತ್ತಿನಲ್ಲಿ ನಾನು ಚೆನ್ನಾಗಿ ಮುಂದಿದ್ದೆ. ದೂರದ ಕ್ಯಾನನ್ನು ತೀರ ಹತ್ತಿರದಿಂದ ಬಳಸುವ ಚಪಲಕ್ಕೆ ಬಿದ್ದೆ. ತಿರುಗುವಾಗ ಗಾಳಿ ಒಮ್ಮೆಲೇ ಸತ್ತಿತು. ದೋಣಿಯ ಹಿಂಬದಿ ಕ್ಯಾನಿಗೆ ಮೆತ್ತಗೆ ಬಡಿಯಿತು. ಕುಂಡಿಯ ಕೆಳಗಿನ ಹಲಗೆಯಲ್ಲಿ ಆ ಬಡಿತ ನನಗೆ ತಿಳಿಯಿತು.

ಮಾಲತೇಶಪ್ಪ ತಿರುಗಿ ನೋಡಿ, "ಸರ, ತಾಗಿತ್ರಿ" ಎಂದ.

"ನೀ ಹಗ್ಗ ನೋಡು" ಎಂದೆ.

ಅವನು ಹಗ್ಗದ ಕಡೆ ತಿರುಗಿದ. ಯಾಕೆ ಹಾಗೆ ಹೇಳಿದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಗೆಲ್ಲುವ ಆಸೆ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಕಲಿಸಿದವನೇ ಕ್ಯಾನಿಗೆ ತಾಗಿಸಿ ನಡುನೀರಿನಲ್ಲಿ ತಿರುಗುವುದನ್ನು ದಂಡೆಯ ಮೇಲಿನ ಜನ ನೋಡುತ್ತಾರಲ್ಲ ಎಂಬ ಅಳುಕು. ಒಂದು ನಿಮಿಷದ ಕೆಲಸ. ಅದನ್ನು ಮಾಡಲಿಲ್ಲ.

ಮೂರನೆಯ ಸುತ್ತಿನಲ್ಲಿ ಶಂಕ್ರಣ್ಣನವರಿಗೆ ಒಳ್ಳೆಯ ಗಾಳಿ ಸಿಕ್ಕಿತು. ಅದೇ ಕ್ಯಾನಿನ ಹತ್ತಿರ ಅವರು ನನ್ನ ಬೆನ್ನಿಗೇ ಇದ್ದರು. ಹಿಂದಿರುಗಿ ನೋಡಿದೆ. ಅವರ ದೋಣಿ ಕ್ಯಾನನ್ನು ದಾಟಿತು, ಇನ್ನೇನು ನನ್ನನ್ನೂ ದಾಟಬೇಕು, ಅಷ್ಟರಲ್ಲಿ ಅವರು ಚುಕ್ಕಾಣಿ ಎಳೆದು ನಿಧಾನವಾಗಿ ಒಂದು ಸುತ್ತು ತಿರುಗಿಸತೊಡಗಿದರು. ಕ್ಯಾನಿಗೆ ತಾಗಿತ್ತಂತೆ. ನನಗಾಗಲೀ ದಂಡೆಯವರಿಗಾಗಲೀ ಕಂಡಿರಲಿಲ್ಲ. ನಾನು ಚುಕ್ಕಾಣಿಯನ್ನು ಮೊಣಕಾಲಿಗೆ ಒತ್ತಿಕೊಂಡು, ಒಳ್ಳೆಯ ಶಿಷ್ಯನಿಗೆ ಗುರು ತಟ್ಟುವ ಹಾಗೆ, ಚಪ್ಪಾಳೆ ತಟ್ಟಿದೆ. ಅವರು ಮತ್ತೆ ಹತ್ತಿರ ಬಂದರೂ ಎರಡು ದೋಣಿಯುದ್ದದ ಅಂತರದಲ್ಲಿ ಗೆದ್ದೆ.

ದಂಡೆಗೆ ಬಂದಾಗ ಬಸಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಏನಣ್ಣ, ಕೆರ್ಯಾಗ ಗಾಣ ಹೂಡಿದ್ದೇನು? ಎಷ್ಟು ಎಣ್ಣಿ ಬಂತು?"

ಕ್ಯಾನಿಗೆ ತಾಗಿತು, ಅದಕ್ಕೆ ತಿರುಗಿದೆ ಎಂದು ಶಂಕ್ರಣ್ಣ ವಿವರಿಸಿದರು. ಬಸಣ್ಣ ಬಿಡಲಿಲ್ಲ. "ಯಾರು ನೋಡ್ಯಾರ ಅದನ್ನ?"

"ನಾ ನೋಡೇನಲ್ಲೋ" ಎಂದರು ಶಂಕ್ರಣ್ಣ.

ಅಂಗಡಿಯವರು ಮತ್ತೂ ನಕ್ಕರು. ಗೆದ್ದವರು ಒಂದು ವರ್ಷ ಇಟ್ಟುಕೊಳ್ಳುವ ಹಿತ್ತಾಳೆಯ ಗಂಟೆಯನ್ನು ವಿದ್ಯಾ ನನ್ನ ಕೈಗೆ ಕೊಟ್ಟಳು. ಶಂಕ್ರಣ್ಣ ನನಗೆ ಕೈಮುಗಿದು, "ಕೊನೀ ಪಂದ್ಯಾ ಚಲೋ ಆತ್ರಿ ಸರ" ಎಂದರು. ನಾನು ತಲೆಯಾಡಿಸಿದೆ. ದೋಣಿಯನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಅವರು ಯಾರಿಗೂ ಮುಟ್ಟಗೊಡದೆ ಅಡಿಯಲ್ಲಿ ಗೋಣಿ ಹಾಸಿದರು.

ಅವರು ಹೋದ ಮೇಲೆ ನಾವು ನಮ್ಮ ಕೆಲಸ ಮಾಡಿದೆವು. ದೋಣಿ ತೊಳೆದೆವು, ಹಗ್ಗ ಸುತ್ತಿದೆವು, ಹಾಯಿ ಒಣಗಿಸಿ ಮಡಿಸಿದೆವು. ಗಂಟೆಯನ್ನು ಹಿಡಿದುಕೋ ಎಂದು ಮಾಲತೇಶಪ್ಪನ ಕಡೆ ಚಾಚಿದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಅದನ್ನ ನೀವ ಒಯ್ರಿ ಸರ. ನನ್ನ ಕೈಯಾಗ ಕೊಡಬ್ಯಾಡ್ರಿ."

ಮನೆಗೆ ಹೋಗಿ ಊಟಕ್ಕೆ ಕುಳಿತೆ, ಅರ್ಧ ರೊಟ್ಟಿಗೇ ಎದ್ದೆ. ಮೂರೂವರೆಗೆ ಗಂಟೆಯನ್ನು ಚೀಲದಲ್ಲಿ ಹಾಕಿಕೊಂಡು ಸ್ಕೂಟರ್ ಹತ್ತಿದೆ. ಬ್ಯಾಡಗಿ ತಲುಪಿದಾಗ ಗೋದಾಮಿನ ಬಾಗಿಲು ತೆರೆದಿತ್ತು. ಹಲಗೇರಿಯವರು ಬಂದು ದೋಣಿಯ ಹಲಗೆಗಳನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರು. ಬಸಣ್ಣ, ವಿದ್ಯಾ, ಬೆಳಿಗ್ಗೆ ನಕ್ಕ ಅಂಗಡಿಯವರು ಎಲ್ಲರೂ ಇದ್ದರು. ಶಂಕ್ರಣ್ಣ ಗೋಡೆಗೆ ಒರಗಿ ನಿಂತಿದ್ದರು. ಅವರನ್ನು ಬದಿಗೆ ಕರೆದು ಹೇಳಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನಕ್ಕವರ ಎದುರಿಗೇ ಹೇಳಬೇಕಾಗಿತ್ತು. ಹೇಳಿದೆ.

"ಎರಡನೇ ಸುತ್ತಿನಾಗ ನನ್ನ ದೋಣಿ ಕ್ಯಾನಿಗೆ ತಾಗಿತ್ತು. ನನಗ ಗೊತ್ತಿತ್ತು. ಮಾಲತೇಶಪ್ಪನೂ ಹೇಳಿದ. ನಾ ಸುತ್ತು ಹಾಕಲಿಲ್ಲ. ಹಾಕಿದ್ರ ನೀವ ಗೆಲ್ತಿದ್ರಿ. ಗೆದ್ದವರು ನೀವು."

ಬಸಣ್ಣ ನನ್ನನ್ನೂ ಅಣ್ಣನನ್ನೂ ನೋಡಿದ. ಆಮೇಲೆ ಹಲಗೇರಿಯವರ ಕಡೆ ತಿರುಗಿ, ಬಂದದ್ದಕ್ಕೆ ಚಹಾ ಕುಡಿದು ಹೋಗಿ, ದೋಣಿ ಮಾರುವುದಿಲ್ಲ ಎಂದ. ಆಡಿದ ಮಾತಿಗೆ ತಪ್ಪಲಿಲ್ಲ ಅವನು.

ನಾನು ಗಂಟೆಯನ್ನು ಚಾಚಿದೆ. ಶಂಕ್ರಣ್ಣ ಅದನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದರು.

"ತಪ್ಪು ಎಲ್ಲಾರಿಂದನೂ ಆಗತಾವ್ರಿ ಸರ. ಆದ್ರ ನಾ ತಿರುಗೂವಾಗ ನೀವು ಹೊಳ್ಳಿ ನೋಡಿ ಚಪ್ಪಾಳಿ ಹೊಡದ್ರಿ. ಅದನ್ಯಾಕ ಹೊಡದ್ರಿ?"

ದನಿ ಏರಿಸಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಗಂಟೆಯನ್ನು ವಿದ್ಯಾಳ ಕೈಗೆ ಕೊಟ್ಟು ಹೊರಗೆ ಬಂದೆ. ಚಹಾಕ್ಕೆ ಯಾರೂ ಕರೆಯಲಿಲ್ಲ. ಬ್ಯಾಡಗಿಯಲ್ಲಿ ಆ ಮನೆಯವರು ನನ್ನನ್ನು ಚಹಾ ಕುಡಿಸದೆ ಕಳಿಸಿದ್ದು ಅದೊಂದೇ ದಿನ.

ಶಂಕ್ರಣ್ಣ ಈಗಲೂ ಕೆರೆಗೆ ಬರುತ್ತಾರೆ, ಮಾತನಾಡಿಸುತ್ತಾರೆ. ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಆದರೆ ಅವರ ದೋಣಿ ಕ್ಯಾನಿನ ಹತ್ತಿರ ಬಂದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಅಂದು ಸಂಜೆ ಆರೂ ಹತ್ತಕ್ಕೆ ಮನೆ ಸೇರಿದೆ. ಕೈಕಾಲು ತೊಳೆದು ದೋಣಿಯ ದಿನಚರಿ ಪುಸ್ತಕ ತೆಗೆದೆ. ಮಧ್ಯಾಹ್ನವೇ ಅದರಲ್ಲಿ ನನ್ನ ಹೆಸರಿನ ಮುಂದೆ 'ಪ್ರಥಮ' ಎಂದು ಬರೆದಿಟ್ಟಿದ್ದೆ. ಬರೆದದ್ದನ್ನು ಅಳಿಸಬಾರದು, ಒಳಗಿನದು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು ಎಂದು ನೌಕಾಪಡೆಯಲ್ಲಿ ನಮಗೆ ಕಲಿಸಿದ್ದರು. ಒಂದೇ ಗೆರೆ ಎಳೆದೆ. ಕೆಳಗೆ ಬರೆದೆ: 'ಶಂಕ್ರಣ್ಣ, ವಿದ್ಯಾ ಪ್ರಥಮ. ನಾನು ಕ್ಯಾನಿಗೆ ತಾಗಿಸಿ ತಿರುಗಲಿಲ್ಲ. ಮಾಲತೇಶಪ್ಪ ಎಚ್ಚರಿಸಿದ್ದ.' ಸಹಿ ಹಾಕಿ, ಸಮಯ ಬರೆದು, ಪುಸ್ತಕ ಮುಚ್ಚಿದೆ.