ಸುಮಂಗಲಾಳ ಗಾಜಿನ ಪಡಸಾಲೆ

ಬಿಸಿಲು ಏರುತ್ತಿದ್ದಂತೆ ಆ ಓಣಿಯಲ್ಲಿ ಮೊದಲು ಕೇಳಿಸುವುದು ಸುಮಂಗಲಾಳ ಮನೆಯ ಗಾಜಿನ ಚೌಕಟ್ಟು ಹಿಗ್ಗುವ ಸದ್ದು. ಟಕ್ ಎನ್ನುತ್ತದೆ, ಸ್ವಲ್ಪ ಸುಮ್ಮನಿದ್ದು ಮತ್ತೆ ಟಕ್. ಯಾರೋ ಬಾಗಿಲು ಬಡಿದು, ಒಳಗೆ ಬರಲು ಹಿಂಜರಿಯುತ್ತಿರುವ ಹಾಗೆ.

ಸುಮಂಗಲಾ ರಾಯಚೂರಿನ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಹುಟ್ಟಿದ್ದು ಮಾನ್ವಿ ಕಡೆಯ ಕಲ್ಲೂರಿನಲ್ಲಿ, ಮಣ್ಣಿನ ಮಾಳಿಗೆಯ ಕತ್ತಲೆ ಮನೆಯಲ್ಲಿ. ಮಾಳಿಗೆಗೆ ಒಂದೇ ಬೆಳಕಿಂಡಿ. ಅದರಿಂದ ಬೀಳುವ ಬಿಸಿಲಿನ ತುಣುಕು ಸರಿದಂತೆಲ್ಲ ಅವಳ ತಾಯಿ ಜೋಳದ ಮೊರ ಹಿಡಿದು ತಾನೂ ಸರಿಯುತ್ತಿದ್ದಳು. ಮುಂದೆ ಹಾಸ್ಟೆಲಿನ ಅಡುಗೆಮನೆಯಲ್ಲೂ ಹಗಲಿಗೆ ಟ್ಯೂಬ್‌ಲೈಟೇ ಗತಿಯಾಯಿತು. ಹಾಗಾಗಿ ಸ್ವಂತ ಮನೆಯಿಂದ ಅವಳು ಬಯಸಿದ್ದು ಬೆಳಕನ್ನು, ಕಣ್ತುಂಬ.

ನಕ್ಷೆ ಬರೆದ ಎಂಜಿನಿಯರ್ ಅನುರಾಧಾ ಮನೆಯ ಪಕ್ಕ ಒಂದು ಪಟ್ಟಿ ಜಾಗ ಖಾಲಿ ಬಿಡಿಸಿ, ಕಿಟಕಿಗಳನ್ನೆಲ್ಲ ಆ ಕಡೆಗೇ ಇಟ್ಟಿದ್ದರು. ಸುಮಂಗಲಾ ಅದನ್ನೇ ಗಾಜಿನಿಂದ ಮುಚ್ಚಿ ಪಡಸಾಲೆ ಮಾಡಿಸಲು ಹೊರಟಾಗ ಬಂದು ಬೇಡವೆಂದರು. ನಿಯಮದ ಪ್ರಕಾರ ಅದು ತೆರೆದೇ ಇರಬೇಕು, ಮುಚ್ಚಿದರೆ ಗಾಳಿಗೆ ಬೇರೆ ದಾರಿಯೇ ಇಲ್ಲ ಎಂದು ವಿವರಿಸಿದರು. ಓಣಿಯಲ್ಲಿ ಯಾರು ಜಾಗ ಬಿಟ್ಟಿದ್ದಾರೆ, ನಿಯಮ ನನಗೊಬ್ಬಳಿಗೇ ಏನು ಎಂದು ಸುಮಂಗಲಾ ಚಹಾ ಕೊಟ್ಟು ಕಳಿಸಿದಳು. ಗಾಜು ಕೂಡಿಸಲು ಬಂದ ಮೀರಾಹುಸೇನ ಮೇಲೊಂದು ಸಂದಿಯಾದರೂ ಬಿಡೋಣ ಎಂದ. ಧೂಳು ಬರುತ್ತದೆಂದು ಅದನ್ನೂ ಮುಚ್ಚಿಸಿದಳು.

ಚಳಿಗಾಲದಲ್ಲಿ ಚೆಂದವೇ ಇತ್ತು. ದೇವದುರ್ಗಕ್ಕೆ ಕೊಟ್ಟ ಮಗಳು ಶೈಲಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹಡೆದಳು. ಬಾಣಂತಿಯ ಕಿವಿಗೆ ಬಟ್ಟೆ ಕಟ್ಟಬೇಕು, ಮಂಚದ ಕೆಳಗೆ ಕೆಂಡ ಇಡಬೇಕು. ನಮ್ಮಲ್ಲಿ ಕೆಂಡದ ಹೊಗೆಯೇ ಬೇಡ, ಸೂರ್ಯನೇ ಕಾವು ಕೊಡುತ್ತಾನೆ ಎಂದು ಸುಮಂಗಲಾ ನೆರೆಯವರಲ್ಲಿ ಹೇಳಿಕೊಂಡು, ಮಗಳ ಮಂಚವನ್ನು ಗಾಜಿನ ಕೆಳಗೇ ಹಾಕಿಸಿದಳು. ಕೂಸಿನ ತೊಟ್ಟಿಲನ್ನೂ ಅಲ್ಲೇ ಕಟ್ಟಿ ಹೆಸರಿಡಬೇಕೆಂಬುದು ಅವಳ ಆಸೆ.

ಏಪ್ರಿಲ್ ಬಂತು. ಕೂಸಿನ ಕುತ್ತಿಗೆಯಲ್ಲಿ ಬೆವರುಗುಳ್ಳೆ ಎದ್ದವು. ಆಮೇಲೆ ಮೈ ಸುಡತೊಡಗಿತು, ಹಾಲಿಗೂ ಬಾಯಿ ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ಇದು ಸೆಕೆಯ ಕಾಟ, ಗಾಳಿಯಾಡುವಲ್ಲಿ ಮಲಗಿಸಿ ಎಂದರು. ಮಂಚವನ್ನು ಒಳಕೋಣೆಗೆ ಒಯ್ದರು. ಕಿಟಕಿ ತೆರೆದರೆ ಗಾಜಿನ ಪಡಸಾಲೆಯ ಕಾವು ಒಳಗೆ ಬರುತ್ತಿತ್ತು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಫ್ಯಾನು ಅದೇ ಬಿಸಿಯನ್ನು ತಿರುಗಿಸುತ್ತಿತ್ತು.

ಸುದ್ದಿ ಕೇಳಿ ಶೈಲಜಾಳ ಅತ್ತೆ ಗೋಪಮ್ಮ ದೇವದುರ್ಗದಿಂದ ಬಂದಳು. ತೊಟ್ಟಿಲ ಕಾರ್ಯಕ್ಕೂ ಮೊದಲೇ ಸೊಸೆ, ಕೂಸನ್ನು ಕರೆದೊಯ್ಯುತ್ತೇನೆ ಎಂದಳು. ಅವಳ ಮನೆಯ ಮುಂದೆ ಬೇವಿನ ಮರವಿದೆ.

"ಬಾಣಂತಿಗಿ ಕಾವು ಬೇಕು ಖರೆ, ಅಕ್ಕಾರ. ಆದ್ರ ಕೂಸಿನ್ನ ಹಂಚಿನ ಮ್ಯಾಲ ರೊಟ್ಟಿ ಹಾಕಿದಂಗ ಹಾಕ್ತಾರೇನ್ರಿ?"

ಸುಮಂಗಲಾ ಮಗಳ ಕಡೆ ನೋಡಿದಳು. ಶೈಲಜಾ ಕೂಸಿನ ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ.

"ಯವ್ವಾ, ನನಗೂ ಇಲ್ಲೇ ಇರಬೇಕಂತ ಆಸಿ ಅದ. ಕೂಸಿಗಿ ತಾಳಾಕ ಆಗವಲ್ದು."

ಸುಮಂಗಲಾ ಎದ್ದು ಪಡಸಾಲೆಗೆ ಹೋದಳು. ಎಷ್ಟೋ ವರ್ಷ ಹಾಸ್ಟೆಲಿನ ಒಲೆಯ ಮುಂದೆ ಪಳಗಿದ ಕೈ ಅದು. ಗಾಜಿನ ಮೇಲಿಟ್ಟವಳು ತಟ್ಟನೆ ಹಿಂದಕ್ಕೆಳೆದುಕೊಂಡಳು. ಅಷ್ಟು ಬೆಳಕಿನಲ್ಲೂ ಅವಳ ಮುಖ ಮಾಸಿದಂತಿತ್ತು. ಸಂಜೆಯ ಬಸ್ಸಿನವರೆಗೆ ಕಾಯುವಂತೆ ಬೀಗತಿಯನ್ನು ಕೇಳಿಕೊಂಡಳು.

"ಸಂಜಿತನಕ ಕುಂತ್ರ ಏನಾಗತದ?"

"ಗಾಜು ಬಿಚ್ಚಸ್ತೀನಿ."

ಗೋಪಮ್ಮ ಚೀಲವನ್ನು ನೆಲಕ್ಕಿಟ್ಟಳು. ಹಿಡಿಕೆಯಿಂದ ಕೈ ಮಾತ್ರ ತೆಗೆಯಲಿಲ್ಲ.

ಸುಮಂಗಲಾ ಸೆರಗನ್ನು ತಲೆಗೆಳೆದುಕೊಂಡು ಚಪ್ಪಲಿ ಮೆಟ್ಟಿದಳು. ಮೀರಾಹುಸೇನನ ಅಂಗಡಿ ದೂರವೇನಿಲ್ಲ, ಬಿಸಿಲು ಮಾತ್ರ ಉದ್ದ.

"ಮ್ಯಾಲಿಂದು ಮೊದಲ ತಗಸ್ತೀನಿ ಶೈಲಾ, ಆಮ್ಯಾಲ ಬಾಜೂಂದು. ನೀ ಕಿಟಕಿ ತಗದಿಟ್ಟಿರು. ತೊಟ್ಟಲಾ ಮಾತ್ರ ನಾ ಅಲ್ಲೇ…" ಎನ್ನುತ್ತ ಗೇಟು ದಾಟಿದಳು.