ಬಿಚ್ಚುವ ದಿನ ಬಾರದಿರಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಿಂದ ಠಣ್, ಠಣ್ ಎಂಬ ಸದ್ದು ಬರುತ್ತಿದೆ. ಹಲಗೆಗಳ ಮೇಲೆ ಸಾಲಾಗಿ ನಿಂತ ಗಾಜಿನ ಬಾಟಲಿಗಳ ಮುಚ್ಚಳಗಳನ್ನು ಅತ್ತಿಗೆ ಒಂದು ಹಳೆಯ ಚಮಚದಿಂದ ತಟ್ಟುತ್ತಿದ್ದಾರೆ. ಗಾಳಿಯಾಡದಂತೆ ಬಿಗಿದು ಕೂತ ಮುಚ್ಚಳ ಠಣ್ ಎನ್ನುತ್ತದೆ. ಸಡಿಲಾದದ್ದು ಡಬ್ ಎನ್ನುತ್ತದೆ. ಡಬ್ ಎಂದದ್ದಕ್ಕೆ ಈ ಕೋಣೆಯಲ್ಲಿ ಜಾಗವಿಲ್ಲ. ರೋಗಿಯ ಎದೆ ತಟ್ಟಿ ನೋಡುವ ವೈದ್ಯರಂತೆ ಅವರು ತಲೆ ಓರೆ ಮಾಡಿ ಕೇಳುತ್ತಾರೆ, ಮುಂದಕ್ಕೆ ಹೋಗುತ್ತಾರೆ.

ಕೆಳಗಿನ ಹಲಗೆಯ ಕೊನೆಗೆ ಬಂದಾಗ ಚಮಚ ನಿಲ್ಲುತ್ತದೆ. ಅಲ್ಲಿ, ಗೋಡೆಗೆ ಒತ್ತಿದಂತೆ, ಅನಾನಸ್ ಹೋಳಿನ ಮೂರು ಬಾಟಲಿಗಳಿವೆ. ಇವತ್ತು ಅವನ್ನು ಹೊರಗೆ ತೆಗೆಯಲೇಬೇಕು.

ಇಡೀ ಬೀದಿಗೆ ಅವರು ಅತ್ತಿಗೆ. ತರಕಾರಿಯವನಿಗೂ ಅತ್ತಿಗೆ, ಅವರಿಗಿಂತ ಹಿರಿಯರಾದ ಎದುರು ಮನೆಯ ಟೈಲರ್‌ಗೂ ಅತ್ತಿಗೆ. ಮೊದಲು ಹಾಗೆ ಕರೆದವಳು ಗಂಡನ ತಂಗಿ. ಗಂಡನನ್ನು ಕಳೆದುಕೊಂಡು, ಎದೆಹಾಲಿನ ಕೂಸನ್ನೆತ್ತಿಕೊಂಡು ಅಣ್ಣನ ಮನೆಗೆ ಬಂದ ನಾದಿನಿ, ದಿನಕ್ಕೆ ನೂರು ಸಲ ಅತ್ತಿಗೆ ಅತ್ತಿಗೆ ಎಂದು ಕೂಗಿ ಬೀದಿಗೆಲ್ಲ ಆ ಹೆಸರು ಹಚ್ಚಿದಳು. ಹಚ್ಚಿದವಳು ಹೋದ ವರ್ಷ ತೀರಿಕೊಂಡಳು. ಬೀದಿ ಮಾತ್ರ ಕರೆಯುತ್ತಲೇ ಇದೆ.

ಹಣ್ಣನ್ನು ಬಾಟಲಿಗೆ ತುಂಬಿಡುವ ಈ ಕೆಲಸ ಹುಟ್ಟಿದ್ದು ಒಂದು ನೆರೆಯಲ್ಲಿ. ಆಗ ಇಬ್ಬರೂ ಹರೆಯದವರು. ನದಿ ಉಕ್ಕಿ ಸೇತುವೆ ಮುಳುಗಿತು. ಲಾರಿ ಓಡಿಸುತ್ತಿದ್ದ ಅತ್ತಿಗೆಯ ಗಂಡ ಆಚೆ ದಡದಲ್ಲಿ ಸಿಕ್ಕಿಕೊಂಡರು. ಅಂಗಡಿಗಳಲ್ಲಿ ಮೊದಲು ಹಾಲು ಮುಗಿಯಿತು, ಆಮೇಲೆ ಅಕ್ಕಿ ಮುಗಿಯಿತು. ಮನೆಯಲ್ಲಿ ಉಳಿದಿದ್ದು ಯಾರೋ ಕೊಟ್ಟಿದ್ದ ಒಂದು ಬಾಟಲಿ ಟೊಮೆಟೊ ಮಾತ್ರ. ಅದನ್ನು ನೀರಲ್ಲಿ ಕುದಿಸಿ ಕುಡಿದು, ಕೂಸಿಗೆ ಹಾಲುಣಿಸುವ ನಾದಿನಿಗೆ ಹೆಚ್ಚು ಬಡಿಸಿ, ಅಂತೂ ನೀರು ಇಳಿಯುವ ತನಕ ಜೀವ ಹಿಡಿದರು. "ಬೆಂಕಿ ಬಿದ್ದಾಗ ಬಾವಿ ತೋಡೋ ಜನ ನಾವು. ಅವತ್ತು ಬುದ್ಧಿ ಬಂತು," ಎನ್ನುತ್ತಾರೆ ಅತ್ತಿಗೆ.

ಮರು ಸುಗ್ಗಿಗೆ ಇಬ್ಬರೂ ಸೇರಿ ಹನ್ನೆರಡು ಬಾಟಲಿ ತುಂಬಿದರು. ನೋಡಿದ ನೆರೆಯವರು ತಮ್ಮ ಹಣ್ಣು ತಂದರು. ಹಾಗೆ ಬೆಳೆದ ಕಟ್ಟಳೆ ಇಂದಿಗೂ ಇದೆ. ಬೀದಿಯ ಮನೆಗಳು ಹಣ್ಣು ತರುತ್ತವೆ, ಕೂಲಿ ಕೊಡುತ್ತವೆ. ಐದು ಬಾಟಲಿ ತುಂಬಿದರೆ ಹಣ್ಣು ತಂದ ಮನೆಗೆ ನಾಲ್ಕು, ಮೆಟ್ಟಿಲ ಕೆಳಗಿನ ಕೋಣೆಗೆ ಒಂದು. ಆ ಕೋಣೆಗೆ ಬೀದಿ ಇಟ್ಟ ಹೆಸರು ಆಪತ್ತಿನ ಗೂಡು. ಹಣ್ಣಿನ ಕಾಲದಲ್ಲಿ ದಿನಕ್ಕೆ ಮೂವತ್ತು ಬಾಟಲಿ ಆಗುವುದುಂಟು. ಬಾಟಲಿ ತೊಳೆದು ಕುದಿಸಬೇಕು, ಬಿಸಿಯಿರುವಾಗಲೇ ತುಂಬಬೇಕು, ಮೇಲೆ ಅರ್ಧ ಬೆರಳು ಜಾಗ ಬಿಡಬೇಕು, ಬಾಯಿ ಒರೆಸಿ ಮುಚ್ಚಳ ಬಿಗಿದು, ತಳಕ್ಕೆ ಬಟ್ಟೆ ಹಾಸಿದ ದೊಡ್ಡ ಪಾತ್ರೆಯಲ್ಲಿ ಮತ್ತೆ ಕುದಿಸಬೇಕು. ಅತ್ತಿಗೆಯ ಮುಂಗೈ ತುಂಬ ಸುಟ್ಟ ಕಲೆಗಳು. ಬಳೆ ಇಲ್ಲದ ಕೈಗೆ ಅವೇ ಬಳೆ ಎಂದು ನಗುತ್ತಾರೆ.

ಮುಚ್ಚಳ ಬಿಗಿಯುವಾಗ ಇಬ್ಬರೂ ಒಂದು ಮಾತು ಹೇಳಿಕೊಳ್ಳುತ್ತಿದ್ದರು: ದೇವರೇ, ಇದನ್ನು ಬಿಚ್ಚುವ ದಿನ ಬಾರದಿರಲಿ. ಒಂದೊಂದು ಬಾಟಲಿಗೂ ಒಂದೊಂದು ಸಲ. ಆದರೆ ಅನ್ನವನ್ನು ಹಾಳುಗೆಡವುವಂತೆಯೂ ಇಲ್ಲವಲ್ಲ. ಅದೇ ಹಣ್ಣಿನ ಮುಂದಿನ ಸುಗ್ಗಿ ಬರುವ ಹೊತ್ತಿಗೆ, ಯಾವ ಆಪತ್ತೂ ಬಾರದೆ ಉಳಿದ ಬಾಟಲಿಯನ್ನು ಬಿಚ್ಚಿ ಬೀದಿಯವರೆಲ್ಲ ತಿನ್ನುತ್ತಿದ್ದರು. ಪ್ರಾರ್ಥನೆ ಫಲಿಸಿದ್ದಕ್ಕೆ ಅದೇ ಗುರುತು. ಅದಕ್ಕಾಗಿಯೇ ಗೂಡಿನಲ್ಲಿ ಒಂದೇ ನಿಯಮ: ಹಳೆಯದು ಮುಂದೆ, ಹೊಸದು ಹಿಂದೆ. ಕಣ್ಣು ಮುಚ್ಚಿ ಕೈ ಹಾಕಿದರೂ ಹಳೆಯದೇ ಮೊದಲು ಸಿಗಬೇಕು.

ಅತ್ತಿಗೆ ನಾದಿನಿಯರಿಗೆ ಒಂದೇ ಒಂದು ಜಗಳ. ಅದು ಕೊನೆತನಕ ಮುಗಿಯಲಿಲ್ಲ. ಅತ್ತಿಗೆ ಹೋಳುಗಳನ್ನು ಸೌಟಿನಲ್ಲಿ ಎತ್ತಿ ಸುರಿಯುವವರು. ನಾದಿನಿ ಅನಾನಸ್ಸಿನ ಒಂದೊಂದು ಹೋಳನ್ನೂ ಕೊಯ್ದ ಮುಖ ಗಾಜಿಗೆ ತಾಗುವಂತೆ, ಹೂವಿನ ಎಸಳಿನ ಹಾಗೆ ಜೋಡಿಸುವಳು. ಇವರು ನಾಲ್ಕು ಬಾಟಲಿ ಮುಗಿಸುವಷ್ಟರಲ್ಲಿ ಅವಳದು ಒಂದು. ಹಸಿದವರಿಗೆ ಚಿತ್ರ ಯಾಕೆ ಎಂದು ಅತ್ತಿಗೆ ಗದರಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು.

"ಕಷ್ಟದ ದಿನ ಬಿಚ್ಚೋದಲ್ವಾ ಅತ್ತಿಗೆ? ಅವತ್ತಾದ್ರೂ ಕಣ್ಣಿಗೆ ಒಂಚೂರು ಚೆಂದ ಬೇಡ್ವಾ?"

ಹೋದ ವರ್ಷ ಅವಳು ಕೊನೆಯದಾಗಿ ಜೋಡಿಸಿದ್ದು ನಾಲ್ಕು ಬಾಟಲಿ. ಅವಳಿಲ್ಲದ ಮೊದಲ ಸುಗ್ಗಿ ಬಂದಾಗ ಆ ನಾಲ್ಕೂ ಮುಂದಿನ ಸಾಲಿಗೆ ಬರಬೇಕಿತ್ತು. ಅತ್ತಿಗೆ ಕೈಗೆತ್ತಿಕೊಂಡರು, ಸೆರಗಿನಿಂದ ಒರೆಸಿದರು, ಚಮಚದಿಂದ ತಟ್ಟಿಯೂ ನೋಡದೆ ಮತ್ತೆ ಗೋಡೆಯ ಪಕ್ಕಕ್ಕೇ ಇಟ್ಟರು. ಇನ್ನೊಮ್ಮೆ ಸಾಲು ಬದಲಿಸುವಾಗಲೂ ಅದೇ ಆಯಿತು. "ತಿಂದುಬಿಟ್ರೆ ಮುಗೀತಲ್ಲ. ಅವಳ ಕೈ ಇನ್ನು ಎಲ್ಲಿ ನೋಡ್ಲಿ?"

ಹೋದ ತಿಂಗಳು ಬಿರುಗಾಳಿ ಬಂತು. ಕರೆಂಟು ಹೋಯಿತು, ಸೇತುವೆಯ ಮೇಲೆ ನೀರು ಹರಿಯಿತು, ಗೂಡು ತೆರೆಯಿತು. ಅತ್ತಿಗೆ ಒಲೆಯ ಮುಂದಿದ್ದರು. ಕಾಯಿಲೆಯಿಂದ ಮಲಗಿದ್ದ ಹೆಂಡತಿಗೆ ಹೊಸ ಹಣ್ಣು ಕೊಡೋಣವೆಂದು ಟೈಲರ್ ಮೇಣದಬತ್ತಿ ಹಿಡಿದು ತಾವೇ ಒಳಗೆ ಹೋದರು. ಹೊಸದು ಹಿಂದೆ ಇರುತ್ತದೆಂಬುದು ಬೀದಿಗೆಲ್ಲ ಗೊತ್ತಲ್ಲ. ಗೋಡೆಯ ಪಕ್ಕದ್ದನ್ನೇ ಎತ್ತಿಕೊಂಡರು. ಬಾಗಿಲ ಬೆಳಕಿಗೆ ಬಂದಾಗ ಬೆರಳಿಗೆ ಏನೋ ತಾಗಿತು. ಒಲೆಯ ಬಳಿಗೆ ಬಂದು, ಸಂಕೋಚದಿಂದಲೇ ಬಾಟಲಿ ಚಾಚಿದರು.

"ಅತ್ತಿಗೆ, ಇದರ ಮುಚ್ಚಳ ಉಬ್ಬಿದ ಹಾಗಿದೆ. ನನ್ನ ಕಣ್ಣೇ ಸರಿಯಿಲ್ವೇನೋ."

ಅವರ ಕಣ್ಣು ಸರಿಯಾಗಿಯೇ ಇತ್ತು. ಉಬ್ಬಿದ ಮುಚ್ಚಳದ ಕೆಳಗಿರುವುದು ವಿಷವೂ ಆಗಬಹುದು. ಆ ಬಾಟಲಿಯನ್ನು ಬಿಚ್ಚದೆ ಹಿತ್ತಲಲ್ಲಿ ಆಳವಾಗಿ ಹೂತರು. ಯಾರೂ ಅತ್ತಿಗೆಯನ್ನು ದೂರಲಿಲ್ಲ. ಅದೇ ಅತ್ತಿಗೆಗೆ ಹೆಚ್ಚು ನೋವಾದದ್ದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎನ್ನುತ್ತಾರೆ ಅವರು. "ನನ್ನ ದುಃಖ ನಾನು ಇಟ್ಕೋಬೇಕಿತ್ತು. ಊರಿನವರ ಗೂಡಲ್ಲಿ ಇಟ್ಟೆ."

ಉಳಿದ ಮೂರನ್ನು ಬಿಚ್ಚಿ ಮತ್ತೆ ತುಂಬಲೆಂದೇ ಇವತ್ತು ಬೆಳಗ್ಗೆ ನಾದಿನಿಯ ಮಗಳು ಬಂದಿದ್ದಾಳೆ. ಅಂದಿನ ನೆರೆಯ ಕೂಸು ಈಗ ಬಸ್ ಕಂಡಕ್ಟರ್. ವಾರದ ರಜೆಯ ದಿನ ಬುಟ್ಟಿ ತುಂಬ ಅನಾನಸ್ ಹೊತ್ತು ತಂದು, ಕತ್ತರಿಸಲು ಕೂತಿದ್ದಾಳೆ. ಅತ್ತಿಗೆ ಮೂರು ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ತರುತ್ತಾರೆ. ಮುಚ್ಚಳಗಳು ತಗ್ಗಾಗಿ ಕೂತಿವೆ. ಚಮಚ ತಾಗಿಸುತ್ತಾರೆ. ಠಣ್. ಠಣ್. ಠಣ್. ಬಣ್ಣ ಮಾತ್ರ ಜೇನಿನಷ್ಟು ಗಾಢವಾಗಿದೆ. ಒಂದು ಎಸಳೂ ಜಾಗ ಬಿಟ್ಟು ಕದಲಿಲ್ಲ.

ಅವರು ತುಂಬ ಹೊತ್ತು ನೋಡುತ್ತಾರೆ. ಆಮೇಲೆ ಮೊದಲನೆಯದನ್ನು ಬಿಚ್ಚುತ್ತಾರೆ. ಒಳಗೆಳೆದ ಗಾಳಿಯ ಸಣ್ಣ ಉಸಿರು ಕೇಳುತ್ತದೆ. ಮೂಸಿ ನೋಡಿ, ಕುದಿಸಿ, ಮೊದಲ ಹೋಳನ್ನು ತಾವೇ ತಿಂದು, ಆಮೇಲೆ ಬೀದಿಯವರನ್ನು ಕರೆಯುತ್ತಾರೆ. ಹೊರಗೆ ಬಿಸಿಲು ಚೆನ್ನಾಗಿದೆ. ಅಂಗಡಿಗಳು ತೆರೆದಿವೆ, ಬಸ್ಸು ಓಡುತ್ತಿದೆ. ಬಟ್ಟಲು ಹಿಡಿದು ಬಂದ ಟೈಲರ್ ಗಾಬರಿಯಿಂದ ಏನಾಯಿತೆಂದು ವಿಚಾರಿಸುತ್ತಾರೆ.

"ಏನೂ ಆಗಿಲ್ಲ. ಅದಕ್ಕೇ ಬಿಚ್ಚಿದ್ದು," ಎನ್ನುತ್ತಾರೆ ಅತ್ತಿಗೆ. ಅವರ ಬಟ್ಟಲಿಗೆ ಹೋಳು ಹಾಕುತ್ತಾರೆ. "ಅವಳು ಬೇಡಿಕೊಂಡಿದ್ದು ನಡೀತು, ತಿನ್ನಿ."

ಮಧ್ಯಾಹ್ನಕ್ಕೆ ಆ ಮೂರು ಬಾಟಲಿಗಳು ತೊಳೆಸಿಕೊಂಡು, ಕುದಿದು, ಮತ್ತೆ ಮೇಜಿನ ಮೇಲಿವೆ. ಅತ್ತಿಗೆ ಸೌಟು ಎತ್ತಿಕೊಂಡವರು ಅದನ್ನು ಕೆಳಗಿಟ್ಟು, ಚಿಮಟದಿಂದ ಒಂದೊಂದೇ ಹೋಳು ಹಿಡಿದು ಗಾಜಿಗೆ ಮುಖ ಮಾಡಿ ನಿಲ್ಲಿಸತೊಡಗುತ್ತಾರೆ. ಎರಡು ನಿಲ್ಲುತ್ತವೆ, ಮೂರನೆಯದು ಬೀಳುತ್ತದೆ.

"ಹಸಿದವರಿಗೆ ಚಿತ್ರ ಯಾಕೆ ಅತ್ತೆ?" ಹುಡುಗಿ ತಲೆ ಎತ್ತದೆ ಕೇಳುತ್ತಾಳೆ.

"ಬಾಯಿ ಮುಚ್ಕೊಂಡು ಹೋಳು ಕೊಡು."

ಇಷ್ಟು ವರ್ಷ ದುಡಿದ ನಿಮಗೆ ಏನು ಆಸೆ ಎಂದು ಕೇಳಿದರೆ ಅತ್ತಿಗೆ ಮೊದಲು ಬಾಟಲಿಯ ಬಾಯಿ ಒರೆಸಿ, ಮುಚ್ಚಳ ಬಿಗಿದು, ತುಟಿಯಲ್ಲೇ ಆ ಹಳೆಯ ಮಾತು ಹೇಳಿಕೊಂಡು, ಕೈ ಒರೆಸಿಕೊಳ್ಳುತ್ತಾರೆ.

"ನಾನು ತುಂಬಿದ್ದನ್ನ ಯಾರೂ ಹಸಿವಿಗೆ ಅಂತ ತಿನ್ನೋದು ಬೇಡ. ಯಾವತ್ತೋ ಒಂದಿನ, ಸುಮ್ನೆ, ಬಾಯಿಚಪಲಕ್ಕೆ ತಿನ್ಲಿ. ಅಷ್ಟಾದ್ರೆ ಸಾಕು."